ಕೆಲಸಗಾರರ ಸಂಖ್ಯೆ

ಜೂನ್ 3, ಬುಧವಾರ

ಬ್ರಷ್ ಹಿಡಿಯದೆ ಎರಡೂವರೆ ತಿಂಗಳಾಯಿತು. ಕೈ ಸುಮ್ಮನಿರುವುದಿಲ್ಲ ಎಂದು ಹಳೆಯ ಆರ್ಡರ್ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆಯಲು ಕೂತಿದ್ದೇನೆ. ಇಪ್ಪತ್ತೆರಡು ವರ್ಷದಿಂದ ಊರಿನ ಅಂಗಡಿಗಳ ಹಣೆಯ ಮೇಲೆ ಬರೆದವನು ನಾನು. ಬೇಕರಿ, ಗಿರಣಿ, ಕ್ಷೌರದಂಗಡಿ, ಹಲ್ಲಿನ ಡಾಕ್ಟರು, ಯಾರ ಬೋರ್ಡೇ ಇರಲಿ, ಅಕ್ಷರ ನನ್ನದು. ನನಗಾಗಿ ಒಂದು ಸಾಲು ಬರೆದುಕೊಳ್ಳುತ್ತಿರುವುದು ಇದೇ ಮೊದಲು. ಇಷ್ಟು ಸಣ್ಣ ಅಕ್ಷರ ಅಭ್ಯಾಸವಿಲ್ಲ. ಪುಟಕ್ಕೆ ಆರು ಸಾಲು ಹಿಡಿದರೆ ಹೆಚ್ಚು.

ಲಾಕ್‌ಡೌನ್ ಸಡಿಲಿಸಿ ಈ ವಾರದಿಂದ ಅರ್ಧ ದಿನ ಅಂಗಡಿ ತೆರೆಯಬಹುದು ಎಂದಿದ್ದಾರೆ. ತೆರೆದೆ. ಮೊದಲು ಬಂದವರು ಗಿರಾಕಿಯಲ್ಲ, ಕಟ್ಟಡದ ಓನರ್. ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ನಿಂತರು.

"ಯಜಮಾನ್ರೇ, ಬಾಡಿಗೆ ಮೂರು ತಿಂಗಳಿಂದ ಬಂದಿಲ್ಲ. ನಂದೇನೂ ಕಲ್ಲು ಮನಸ್ಸಲ್ಲ, ಜುಲೈ ಕೊನೆವರೆಗೂ ತಡ್ಕೋತೀನಿ. ಆಮೇಲೆ ಖಾಲಿ ಮಾಡ್ಬೇಕಾಗುತ್ತೆ. ಮೊಬೈಲ್ ಕವರ್ ಮಾರೋನು ಒಬ್ಬ ದಿನಾ ಫೋನ್ ಮಾಡ್ತಿದಾನೆ."

ಮೊಬೈಲ್ ಕವರ್! ನನ್ನ ಅಂಗಡಿಯಲ್ಲಿ! ಹಿಂದಿನಿಂದ ನನ್ನ ಹೆಂಡತಿಯೇ, "ಜುಲೈ ಕೊನೆವರೆಗೆ ಅಂದ್ರಲ್ಲ, ಅಲ್ಲಿವರೆಗೆ ಗೋಡೆ ಅಳೆಯೋಕೆ ಅವನನ್ನ ಕರ್ಕೊಂಡು ಬರ್ಬೇಡಿ" ಎಂದು ಕಳುಹಿಸಿದಳು.

ಅವಳಿಗೆ ಅಂಗಡಿಯಲ್ಲಿ ಕೆಲಸವೇನೂ ಇಲ್ಲ. ಮನೆ ಹಿಂದೆಯೇ ಇದೆ, ಬಂದು ಕೂರುತ್ತಾಳೆ. ಹೊತ್ತು ಹೋಗಬೇಕಲ್ಲ.

ಜೂನ್ 5, ಶುಕ್ರವಾರ

ಪೇಪರಿನಲ್ಲಿ ಬಂದಿದೆಯಂತೆ. ಸಣ್ಣ ವ್ಯಾಪಾರದವರಿಗೆ ಸರ್ಕಾರ ಪರಿಹಾರ ಕೊಡುತ್ತದಂತೆ, ಆರು ತಿಂಗಳ ಬಾಡಿಗೆ ತೀರಿಸುವಷ್ಟು. ಹೆಂಡತಿ ಓದಿ ಹೇಳಿದಳು. "ಭಿಕ್ಷೆ ಬೇಡ" ಎಂದೆ.

"ಭಿಕ್ಷೆ ಅಲ್ಲ ರೀ. ಬಾಗಿಲು ಹಾಕಿ ಅಂದವರು ಅವರು, ಹಾಕಿದವರು ನಾವು. ಅದಕ್ಕೆ ಕೊಡ್ತಿದಾರೆ."

"ನಾನು ದುಡಿದು ತಿನ್ನೋನು."

"ಸರಿ, ದುಡೀರಿ" ಎಂದು ಖಾಲಿ ಬೀದಿಯ ಕಡೆ ಕೈ ತೋರಿಸಿದಳು. ನಾನು ಬೀದಿ ನೋಡಿದೆ. ಒಂದು ನಾಯಿ ಹೋಗುತ್ತಿತ್ತು, ಅದಕ್ಕೂ ಬೋರ್ಡ್ ಬೇಕಿರಲಿಲ್ಲ.

ಜೂನ್ 8, ಸೋಮವಾರ

ಅಬ್ಬಾ, ಎಂಥ ದಿನ! ಕೆಲಸ ಬಂತು!

ಆಗಿದ್ದಿಷ್ಟು. ಪರಿಹಾರ ಕೊಡುವ ಮುಂಚೆ ಅಧಿಕಾರಿಗಳು ಬಂದು ಅಂಗಡಿ ನೋಡುತ್ತಾರಂತೆ. ಬೋರ್ಡ್ ಇರಬೇಕು, ಬೋರ್ಡಿನಲ್ಲಿರುವುದು ಲೈಸೆನ್ಸಿನ ಪ್ರಕಾರವೇ ಇರಬೇಕು. ಈ ಬೀದಿಯಲ್ಲಿ ಯಾರ ಬೋರ್ಡ್ ಲೈಸೆನ್ಸಿನ ಪ್ರಕಾರ ಇದೆ? ಅಪ್ಪನ ಹೆಸರಿನ ಲೈಸೆನ್ಸು, ಮಗಳ ಹೆಸರಿನ ಬೋರ್ಡು. ಹಾಗಾಗಿ ಬೆಳಿಗ್ಗೆ ಎಂಟಕ್ಕೇ ಗಿರಣಿಯವರು, ಬೇಕರಿಯವರು, ಇಸ್ತ್ರಿ ಅಜ್ಜ ಎಲ್ಲರೂ ಮೂರು ಮೂರು ಅಡಿ ದೂರ ಬಿಟ್ಟು ನನ್ನ ಬಾಗಿಲಲ್ಲಿ ಸಾಲು. ಎದುರು ಅಂಗಡಿಯ ನನ್ನ ಶತ್ರು, ಫ್ಲೆಕ್ಸ್ ಪ್ರಿಂಟ್ ಮಾಡುವ ಮಹಾಶಯ, ಬಾಗಿಲಲ್ಲಿ ಕೈ ಕಟ್ಟಿಕೊಂಡು ನೋಡುತ್ತಿದ್ದ. ಆರು ವರ್ಷದ ಹಿಂದೆ ಆ ಯಂತ್ರ ತಂದು ನನ್ನ ಅರ್ಧ ಗಿರಾಕಿಗಳನ್ನು ನುಂಗಿದವನು. ಈಗ ಫ್ಲೆಕ್ಸ್ ರೋಲ್ ಬರುವ ಲಾರಿಗಳೇ ನಿಂತಿವೆ, ಯಂತ್ರ ಮುಸುಕು ಹೊದ್ದು ಮಲಗಿದೆ. ದೇವರು ದೊಡ್ಡವನು.

ನಾನು ಇವತ್ತೇ ಎರಡು ಬೋರ್ಡ್ ಬರೆದು ಮುಗಿಸಿದೆ. ಹೆಂಡತಿ ತಗಡು ಉಜ್ಜಿ, ದಾರಕ್ಕೆ ಸೀಮೆಸುಣ್ಣ ಬಳಿದು ಗೆರೆ ಹೊಡೆದು, ಅಕ್ಷರ ಎಲ್ಲಿಂದ ಶುರು ಮಾಡಿದರೆ ಎಲ್ಲಿ ಮುಗಿಯುತ್ತದೆ ಎಂದು ಗುರುತು ಹಾಕಿ, ಬಣ್ಣ ಕಲಸಿ, ಒಂದೊಂದೇ ಡಬ್ಬಿ ಎತ್ತಿ ಕೊಟ್ಟಳು. ಏಣಿ ಹಿಡಿದುಕೊಂಡಳು. ಕೊನೆಗೆ ಬ್ರಷ್ ತೊಳೆದಿಟ್ಟಳು. ಉಳಿದದ್ದೆಲ್ಲ ನಾನೇ.

ಜೂನ್ 12, ಶುಕ್ರವಾರ

ಇಷ್ಟು ಜನಕ್ಕೆ ಬೋರ್ಡ್ ಬರೆದರೂ ಕೈಗೆ ಬಂದದ್ದು "ಪರಿಹಾರ ಬಂದ ಮೇಲೆ ಕೊಡ್ತೀವಿ" ಎಂಬ ಮಾತು ಮಾತ್ರ. ಹಾಗಾಗಿ ನಾನೂ ಅರ್ಜಿ ಹಾಕಲು ಒಪ್ಪಿದೆ. ಎಲ್ಲರೂ ತೆಗೆದುಕೊಳ್ಳುವಾಗ ನಾನೊಬ್ಬ ಬೇಡವೆಂದರೆ ಸೊಕ್ಕು ಎಂದಾರು.

ಆದರೆ ಅರ್ಜಿ ಕಂಪ್ಯೂಟರಿನಲ್ಲೇ ತುಂಬಬೇಕು. ಬೀದಿಯಲ್ಲಿ ಕಂಪ್ಯೂಟರ್ ಇರುವುದು ಒಬ್ಬನ ಹತ್ತಿರ. ಆರು ವರ್ಷದಲ್ಲಿ ಮೊದಲ ಬಾರಿ ಬೀದಿ ದಾಟಿ ಶತ್ರುವಿನ ಅಂಗಡಿಗೆ ಕಾಲಿಟ್ಟೆ. ಅವನು ಎದ್ದು ಕುರ್ಚಿ ಕೊಟ್ಟ. ಅದು ನನಗೆ ಇನ್ನೂ ಸಿಟ್ಟು ತರಿಸಿತು.

"ಮಾಲೀಕರು?" ಎಂದ.

"ಅದೂ ಕೇಳ್ಬೇಕಾ?"

ನನ್ನ ಹೆಸರು ಹಾಕಿದ. ಲೈಸೆನ್ಸ್ ನಂಬರ್ ಕೇಳಿದ. ನನಗೇನು ಗೊತ್ತು! ಬಾಗಿಲಿಂದಲೇ ಕೂಗಿ ಕೇಳಿದೆ. ಹೆಂಡತಿ ನಮ್ಮ ಅಂಗಡಿಯೊಳಗಿಂದ ಅಷ್ಟೂ ಅಂಕಿಗಳನ್ನು ಬಾಯಿಪಾಠ ಒಪ್ಪಿಸಿದಳು. ಬೇಡದ್ದೆಲ್ಲ ನೆನಪಿರುತ್ತದೆ ಅವಳಿಗೆ.

"ಕೆಲಸಗಾರರ ಸಂಖ್ಯೆ?"

"ಸೊನ್ನೆ."

"ಅತ್ತಿಗೆ ಇದಾರಲ್ಲಣ್ಣ. ಒಂದು ಅಂತ ಹಾಕೋಣ್ವಾ? ಸೊನ್ನೆ ಅಂದ್ರೆ ತೊಂದ್ರೆ ಆಗ್ಬಹುದು."

"ನೋಡಪ್ಪಾ, ಸರ್ಕಾರಕ್ಕೆ ಸುಳ್ಳು ಬರೆಯೋನಲ್ಲ ನಾನು. ಅವಳೇನು ಕೆಲಸದವಳಾ? ಸುಮ್ನೆ ಬಂದು ಕೂತಿರ್ತಾಳೆ. ಸೊನ್ನೆ ಹಾಕು!"

ನನ್ನ ಗಂಟಲು ಸ್ವಲ್ಪ ದೊಡ್ಡದು. ಏಣಿಯ ಮೇಲಿಂದ ಮಾತಾಡಿ ಅಭ್ಯಾಸ. ವಾಪಸ್ ಬಂದಾಗ ಹೆಂಡತಿ ಡಬ್ಬಿಗಳ ಮುಚ್ಚಳ ಹಾಕುತ್ತಿದ್ದಳು. "ಅರ್ಜಿ ಆಯ್ತು" ಎಂದೆ. "ಕೇಳಿಸ್ತು" ಎಂದಳು.

ಜೂನ್ 13, ಶನಿವಾರ

ಮುಷ್ಕರ ಹೂಡಿದ್ದಾಳೆ!

ಬೆಳಿಗ್ಗೆ ಬೇಕರಿಯವರ ಎರಡನೇ ತಗಡು ಹಿಡಿದು, "ಗೆರೆ ಹೊಡಿ ಬಾ" ಎಂದೆ. ಸ್ಟೂಲ್ ಮೇಲೆ ಕಾಲು ಮಡಚಿ ಕೂತು ಪೇಪರ್ ಓದುತ್ತಿದ್ದಳು. ತಲೆ ಎತ್ತಲಿಲ್ಲ.

"ನಾನು ಸೊನ್ನೆ. ಸೊನ್ನೆ ಗೆರೆ ಹೊಡೆಯುತ್ತಾ?"

"ಅಯ್ಯೋ, ಅರ್ಜಿಗೆ ಅಂತ ಬರೆಸಿದ್ದು ಕಣೇ."

"ಸರ್ಕಾರಕ್ಕೆ ಸುಳ್ಳು ಹೇಳಲ್ಲ ಅಂದ್ರಲ್ಲ. ನಾನೂ ಹೇಳಲ್ಲ. ಸುಮ್ನೆ ಬಂದು ಕೂತಿರ್ತೀನಿ."

ಮಧ್ಯಾಹ್ನ ಹೆದರಿಕೊಂಡೇ ಮನೆಗೆ ಹೋದೆ. ಊಟ ಬಿಸಿಬಿಸಿಯಾಗಿ ಸಿದ್ಧವಿತ್ತು. "ಅಡುಗೆಗೆ ಅರ್ಜಿಯಲ್ಲಿ ಕಾಲಂ ಇಲ್ಲ, ಅದನ್ನ ಮಾಡ್ತೀನಿ" ಎಂದಳು. ನಕ್ಕಳೋ ಇಲ್ಲವೋ ತಿಳಿಯಲಿಲ್ಲ.

ಇರಲಿ. ನನಗೇನು ಗೆರೆ ಹೊಡೆಯಲು ಬರುವುದಿಲ್ಲವೇ? ಇಪ್ಪತ್ತೆರಡು ವರ್ಷದ ಅನುಭವ.

ಜೂನ್ 15, ಸೋಮವಾರ

ದಾರದ ಒಂದು ತುದಿ ನಾನು ಹಿಡಿದರೆ ಇನ್ನೊಂದು ತುದಿ ಯಾರು ಹಿಡಿಯಬೇಕು? ಮೊಳೆಗೆ ಕಟ್ಟಿದೆ. ಮೊಳೆ ಕಿತ್ತು ಬಂತು. ಇಟ್ಟಿಗೆಗೆ ಕಟ್ಟಿದೆ. ಇಟ್ಟಿಗೆ ಕಾಲಿನ ಮೇಲೆ ಬಿತ್ತು. ಕೊನೆಗೆ ಕಣ್ಣಳತೆಯಲ್ಲೇ ಬರೆದೆ. ಬೇಕರಿಯವರ ಅಕ್ಷರಗಳು ಎಡದಲ್ಲಿ ದಷ್ಟಪುಷ್ಟವಾಗಿ ಶುರುವಾಗಿ ಬಲಕ್ಕೆ ಹೋಗುತ್ತಾ ಜಾಗ ಸಾಲದೆ ಒಂದರ ಮೈ ಮೇಲೊಂದು ಬಿದ್ದವು. ತಗಡೇ ಡೊಂಕಾಗಿತ್ತು ಎಂದು ಹೇಳಿದೆ. ಹೆಂಡತಿ ಪೇಪರ್ ಹಿಂದಿನಿಂದ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದಳು.

ಬ್ರಷ್‌ಗಳು ಒಣಗಿ ಕಡ್ಡಿಯಾಗಿವೆ. ತೊಳೆಯುವುದು ನೆನಪೇ ಆಗಲಿಲ್ಲ.

ಜೂನ್ 16, ಮಂಗಳವಾರ

ಬರೆಯಲು ಮನಸ್ಸಿಲ್ಲ. ಮಾಂಸದಂಗಡಿಯ ಪೈಲ್ವಾನನ ಬೋರ್ಡ್, ತರಕಾರಿ ಅಕ್ಕನ ಬೋರ್ಡ್ ಎರಡನ್ನೂ ಒಂದೇ ದಿನ ಮುಗಿಸಿ ನೇತುಹಾಕಿ ಬಂದೆ. ಅಕ್ಷರ ನೆಟ್ಟಗಿವೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಜೂನ್ 17, ಬುಧವಾರ

ಮೀಸೆ ಮಣ್ಣಾಯಿತು. ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನನಗೆ ಕೆಂಪು, ಹಸಿರು ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಹುಟ್ಟಿದಾಗಿನಿಂದ ಹೀಗೇ. ಯಾರಿಗೂ ಹೇಳಿಲ್ಲ, ಬಣ್ಣ ಗೊತ್ತಿಲ್ಲದ ಪೇಂಟರ್ ಎಂದರೆ ಯಾರು ಕೆಲಸ ಕೊಡುತ್ತಾರೆ? ಹೇಗೋ ನಡೆದುಕೊಂಡು ಹೋಗುತ್ತಿತ್ತು. ಡಬ್ಬಿ ಕೈಗೆ ಬರುತ್ತಿತ್ತು, ನಾನು ಬರೆಯುತ್ತಿದ್ದೆ. ನಿನ್ನೆ ಡಬ್ಬಿ ತಾನಾಗಿ ಕೈಗೆ ಬರಲಿಲ್ಲ, ಡಬ್ಬಿಗಳ ಮೇಲಿನ ಚೀಟಿಗಳೋ ಯಾವತ್ತೋ ಬಣ್ಣ ಮೆತ್ತಿ ಮುಚ್ಚಿಹೋಗಿವೆ.

ಬೆಳಿಗ್ಗೆ ಪೈಲ್ವಾನ್ ಅಂಗಡಿಗೆ ನುಗ್ಗಿದ. ಹಿಂದೆಯೇ ತರಕಾರಿ ಅಕ್ಕ.

"ಯಜಮಾನ್ರೇ, ಏನಿದು ನಿಮ್ಮ ತಮಾಷೆ? ಮಾಂಸದಂಗಡಿಗೆ ಹಚ್ಚ ಹಸಿರು ಬೋರ್ಡು! ಬೆಳಿಗ್ಗೆಯಿಂದ ನಾಲ್ಕು ಜನ ಬಂದು ಸೊಪ್ಪು ಕೇಳಿದ್ರು. ಒಬ್ರು ಒಳಗೆ ಬಂದು ನೇತಾಡ್ತಿರೋದನ್ನ ನೋಡಿ ಅಲ್ಲೇ ಕುಸಿದು ಕೂತ್ರು, ನೀರು ಕುಡಿಸಿ ಕಳಿಸಿದೆ!"

"ನನ್ನ ಬೋರ್ಡು ರಕ್ತ ಸುರಿದ ಹಾಗಿದೆ" ಎಂದಳು ತರಕಾರಿ ಅಕ್ಕ. "ಬದನೆಕಾಯಿ ಕೊಳ್ಳೋಕೂ ಹೆದರ್ತಾರೆ ಜನ."

ಇಪ್ಪತ್ತೆರಡು ವರ್ಷ ಮುಚ್ಚಿಟ್ಟದ್ದು ಇವತ್ತು ಬೀದಿಗೆ ಬಿತ್ತು ಎಂದುಕೊಂಡೆ.

ಸ್ಟೂಲಿನಿಂದ ಹೆಂಡತಿ ಎದ್ದಳು. ಪೇಪರ್ ಮಡಚಿಟ್ಟು, "ತಪ್ಪು ನಂದೇ. ಇವರು ಕೇಳಿದ್ದು ಒಂದು, ನಾನು ಎತ್ತಿಕೊಟ್ಟ ಡಬ್ಬಿ ಇನ್ನೊಂದು. ಮೇಲ್ಗಡೆ ಬಿಸಿಲಲ್ಲಿ ಇವರಿಗೆ ಗೊತ್ತಾಗಲಿಲ್ಲ. ನಾಳೆ ಸರಿ ಮಾಡಿಕೊಡ್ತಾರೆ, ಹೋಗಿ" ಎಂದಳು.

ಪೈಲ್ವಾನ್ ತಣ್ಣಗಾದ. "ಅಯ್ಯೋ, ನೀವಾ ಅಮ್ಮಾ? ಹೋಗ್ಲಿ ಬಿಡಿ, ಯಾರಿಂದ ತಪ್ಪಾಗಲ್ಲ" ಎಂದು ಹೋದ.

ಅವಳು ಡಬ್ಬಿ ಮುಟ್ಟಿಯೇ ಇರಲಿಲ್ಲ. ಅವರು ಹೋದ ಮೇಲೆ ಮತ್ತೆ ಪೇಪರ್ ಬಿಡಿಸಿ ಕೂತಳು. "ಯಾಕೆ ಹಾಗಂದೆ?" ಎಂದೆ. "ಸರ್ಕಾರಕ್ಕೆ ಸುಳ್ಳು ಹೇಳಬಾರದು. ಪೈಲ್ವಾನ್‌ಗೆ ಹೇಳ್ಬಹುದು" ಎಂದಳು. ಹಾಗಾದರೆ ಇವಳಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನಂತೂ ಯಾವತ್ತೂ ಹೇಳಿರಲಿಲ್ಲ. ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಜೂನ್ 18, ಗುರುವಾರ

ಎರಡೂ ಬೋರ್ಡ್ ಸರಿಪಡಿಸಿದೆವು. ಬೆಳಿಗ್ಗೆ ನಾನು ಹೊರಡುವ ಮುಂಚೆ ಡಬ್ಬಿಗಳನ್ನು ಅವಳೇ ಸಾಲಾಗಿ ಇಟ್ಟಿದ್ದಳು, ಎಡಕ್ಕೆ ಕೆಂಪು, ಬಲಕ್ಕೆ ಹಸಿರು. "ಮುಷ್ಕರ ಮುಗೀತಾ?" ಎಂದೆ. "ಇಲ್ಲ. ನೆಲ ಒರೆಸುವಾಗ ಅಡ್ಡ ಇದ್ವು, ಜರುಗಿಸಿದೆ" ಎಂದಳು.

ಬ್ರಷ್ ತೊಳೆದಿಟ್ಟು ಬರೆಯುತ್ತಿದ್ದೇನೆ. ಟರ್ಪೆಂಟೈನ್‌ನಿಂದ ಕೈ ಇಷ್ಟು ಉರಿಯುತ್ತದೆ ಎಂದು ಗೊತ್ತಿರಲಿಲ್ಲ.

ಜೂನ್ 20, ಶನಿವಾರ

ಅರ್ಜಿ ತಿರಸ್ಕಾರವಾಗಿದೆ. ಫ್ಲೆಕ್ಸ್‌ನವನು ಬೀದಿ ದಾಟಿ ಬಂದು, ಮುಖ ಸಣ್ಣ ಮಾಡಿಕೊಂಡು ಕಾಗದ ಕೊಟ್ಟ. ಎರಡು ಕಾರಣ. ಒಂದು: ಮಾಲೀಕರ ಹೆಸರು ಲೈಸೆನ್ಸಿಗೆ ಹೊಂದುವುದಿಲ್ಲ. ಎರಡು: ಮಾಲೀಕರನ್ನು ಬಿಟ್ಟು ಕನಿಷ್ಠ ಒಬ್ಬ ಕೆಲಸಗಾರ ಇರಬೇಕು. ತಿದ್ದಿ ಕಳಿಸಲು ಕೊನೆಯ ದಿನ ಜೂನ್ 30.

ನನ್ನ ಅಂಗಡಿಯ ಮಾಲೀಕ ನಾನಲ್ಲವಂತೆ! ಇವರ ಕಂಪ್ಯೂಟರಿಗೆ ತಲೆ ಕೆಟ್ಟಿದೆ. ಸೋಮವಾರ ಹೋಗಿ ಅವರ ಜನ್ಮ ಜಾಲಾಡಿ ಬರುತ್ತೇನೆ. ಹೆಂಡತಿಗೆ ಹಾಗೇ ಹೇಳಿದೆ. "ಹೋಗಿ ಬನ್ನಿ. ಛತ್ರಿ ತಗೊಂಡು ಹೋಗಿ, ಸಾಲು ಬಿಸಿಲಲ್ಲಿರುತ್ತೆ" ಎಂದಳು. ಆ ಸಾಲು ಎಲ್ಲಿರುತ್ತದೆ ಎಂದು ಇವಳಿಗೆ ಹೇಗೆ ಗೊತ್ತೋ.

ಜೂನ್ 22, ಸೋಮವಾರ

ಲೈಸೆನ್ಸ್ ಕಚೇರಿಯ ಮುಂದೆ ಮೂರು ಗಂಟೆ ಸಾಲಿನಲ್ಲಿ ನಿಂತೆ, ಬಿಸಿಲಲ್ಲೇ. ನೆಲದ ಮೇಲೆ ಸುಣ್ಣದಲ್ಲಿ ಬರೆದ ವೃತ್ತಗಳೊಳಗೆ ಒಬ್ಬೊಬ್ಬರು. ವೃತ್ತ ಬರೆದವನಿಗೆ ಕೈ ನಿಂತಿಲ್ಲ. ಕೊನೆಗೆ ಗಾಜಿನ ಹಿಂದಿನ ಮೇಡಂ ಎದುರು ಗಂಟಲು ಬಿಚ್ಚಿದೆ. ಅವರು ಪೂರ್ತಿ ಕೇಳಿಸಿಕೊಂಡರು. ನನ್ನಂಥ ನೂರು ಜನರನ್ನು ದಿನಾ ನೋಡುತ್ತಾರೆ ಎಂದು ಕಾಣುತ್ತದೆ.

"ಲೈಸೆನ್ಸ್ ಬೇರೆಯವರ ಹೆಸರಲ್ಲಿದೆ ಸರ್."

"ಯಾರ ಹೆಸರಲ್ಲಿ?"

"ಅದನ್ನ ನಿಮಗೆ ಹೇಳೋ ಹಾಗಿಲ್ಲ. ಮಾಲೀಕರಿಗೆ ಮಾತ್ರ ಹೇಳ್ಬಹುದು."

"ಅಲ್ಲಾ ಮೇಡಂ, ಇಪ್ಪತ್ತೆರಡು ವರ್ಷದಿಂದ ನಾನು..."

"ಇಪ್ಪತ್ತೆರಡು ವರ್ಷದಿಂದ ಪ್ರತಿ ವರ್ಷ ತಪ್ಪದೆ ಯಾರೋ ಬಂದು ನವೀಕರಣ ಮಾಡಿಸಿದಾರೆ ಸರ್. ನೀವೇನಾ?"

ನಾನಲ್ಲ. ಅದೆಲ್ಲ ಹೇಗೋ ಆಗುತ್ತಿತ್ತು.

"ಲೈಸೆನ್ಸ್ ನಿಮ್ಮ ಗೋಡೆ ಮೇಲೇ ಇರುತ್ತಲ್ಲ, ಓದಿ ನೋಡಿ" ಎಂದರು ಮೇಡಂ. ಆಮೇಲೆ ಕರುಣೆಯಿಂದಲೇ, "ಕೆಲಸಗಾರರು ಮನೆಯವರಾದ್ರೂ ಪರವಾಗಿಲ್ಲ. ದಿನಾ ಕೆಲಸ ಮಾಡ್ತಿರ್ಬೇಕು ಅಷ್ಟೇ" ಎಂದು ಸೇರಿಸಿದರು.

ಅಂಗಡಿಗೆ ಬಂದೆ. ಲೈಸೆನ್ಸ್ ಗೋಡೆಯ ಮೇಲಿದೆ, ಕಟ್ಟು ಹಾಕಿಸಿ ನಾನೇ ಮೊಳೆ ಹೊಡೆದದ್ದು. ಗಾಜಿನ ಮೇಲೆ ಇಪ್ಪತ್ತೆರಡು ವರ್ಷದ ಬಣ್ಣ ಹಾರಿ ಕೂತಿದೆ; ಬ್ರಷ್ ಒದರುವುದು ಆ ಗೋಡೆಗೇ. ಏಣಿ ಹತ್ತಿ ಅದನ್ನು ಇಳಿಸಿದೆ. ಯಾರೋ ಏಣಿ ಹಿಡಿದುಕೊಂಡರು.

"ಬಟ್ಟೆ ಬೇಕಾ?" ಎಂದಳು. ಟರ್ಪೆಂಟೈನ್ ಅದ್ದಿದ ಬಟ್ಟೆ ಕೈಯಲ್ಲಿ ಸಿದ್ಧವಾಗಿತ್ತು.

ಒರೆಸಿದೆ. ನೀಲಿ ಹೋಯಿತು, ಹಳದಿ ಹೋಯಿತು, ಕೆಂಪೋ ಹಸಿರೋ ಒಂದು ದಪ್ಪ ಹನಿಯನ್ನು ಉಗುರಲ್ಲಿ ಕೆರೆದೆ. ಅದರ ಕೆಳಗೆ "ಮಾಲೀಕರು" ಎಂದಿತ್ತು. ಮುಂದೆ ಅವಳ ಹೆಸರಿತ್ತು.

ಊರಿನ ಗೋಡೆಗಳ ಮೇಲೆಲ್ಲ ಬರೆದವನು, ನನ್ನ ಗೋಡೆಯ ಮೇಲಿದ್ದದ್ದನ್ನು ಓದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು. ನೆಲದ ಮೇಲೆ ಕೂತುಬಿಟ್ಟೆ.

"ಯಾವಾಗ ಆಯ್ತು ಇದು?"

"ಅಂಗಡಿ ಶುರು ಮಾಡಿದಾಗ. ಲೈಸೆನ್ಸಿಗೆ ಕೊನೇ ದಿನ, ನೀವು ನೀರಿನ ಟ್ಯಾಂಕ್ ಮೇಲೆ ಬರೀತಿದ್ರಿ. ಇಳೀರಿ ಅಂತ ಕೆಳಗಿಂದ ಕೂಗಿದೆ. ನೀನೇ ಏನಾದ್ರೂ ಮಾಡು ಅಂದ್ರಿ. ಹೋದೆ. ಮಾಲೀಕರೇ ಬರ್ಬೇಕು, ಬಂದಿದಾರಾ ಅಂತ ಕೇಳಿದ್ರು. ಹೂಂ, ಬಂದಿದೀನಿ ಅಂದೆ."

"ನನಗೆ ಹೇಳ್ಬಾರ್ದಿತ್ತಾ?"

"ಹೇಳ್ದೆ. 'ಆಯ್ತಲ್ಲ, ಬಿಡು' ಅಂದ್ರಿ."

ಹೇಳಿರಬೇಕು. ನಾನೂ ಅಂದಿರಬೇಕು. ನನ್ನ ಮಾತಿನ ಧಾಟಿಯೇ ಅದು.

ಜೂನ್ 23, ಮಂಗಳವಾರ

ನಿನ್ನೆಯಿಂದ ಲೆಕ್ಕ ಹಾಕಿದೆ. ಅವಳು ಮಾಲೀಕಳಾದರೆ ಮೊದಲ ಕಾರಣ ಸರಿಹೋಗುತ್ತದೆ. ಎರಡನೆಯದಕ್ಕೆ ಒಬ್ಬ ಕೆಲಸಗಾರ ಬೇಕು. ಅಂಗಡಿಯಲ್ಲಿ ಉಳಿದಿರುವುದು ಯಾರು ಎಂದು ಗೋಡೆ, ಏಣಿ, ಡಬ್ಬಿ ಎಲ್ಲ ನೋಡಿದೆ. ನಾನೊಬ್ಬನೇ.

ಅವಳಿಗೆ ಹೇಳಲು ಹೋದೆ. ಹೇಳಲಾಗಲಿಲ್ಲ, ಬ್ರಷ್ ತೊಳೆದೆ.

ಜೂನ್ 29, ಸೋಮವಾರ

ನಾಳೆ ಕೊನೆಯ ದಿನ. ಇವತ್ತು ಇಬ್ಬರೂ ಬೀದಿ ದಾಟಿದೆವು. ಫ್ಲೆಕ್ಸ್ ತಮ್ಮ ಎರಡು ಕುರ್ಚಿ ಹಾಕಿದ. ಅವನ ಬೋರ್ಡಿನ ವಿಷಯವೂ ಹೇಳಬೇಕು: ಗಾಳಿಗೆ ಅವನದೇ ಫ್ಲೆಕ್ಸ್ ಹರಿದು ಚಿಂದಿಯಾಗಿ ನೇತಾಡುತ್ತಿದೆ. ಪಾಪ, ಎರಡು ಮಕ್ಕಳ ತಂದೆ, ಕೇಳಲು ಸಂಕೋಚ. ನಾನೇ ಅಳತೆ ತೆಗೆದುಕೊಂಡೆ.

"ಮಾಲೀಕರು?" ಎಂದ. ಅವಳು ತನ್ನ ಹೆಸರು ಹೇಳಿದಳು. ಅವನು ನನ್ನ ಮುಖ ನೋಡಿದ. "ಹೌದಪ್ಪಾ, ಮೊದಲಿಂದ್ಲೂ ಅವಳೇ. ನನಗೆ ತಡವಾಗಿ ಗೊತ್ತಾಯ್ತು" ಎಂದೆ.

"ಕೆಲಸಗಾರರ ಸಂಖ್ಯೆ?"

ಅವಳು ಕುರ್ಚಿಯಲ್ಲಿ ತಿರುಗಿ ನನ್ನನ್ನು ನೋಡಿದಳು. ಕಾಲಿನಿಂದ ತಲೆಯವರೆಗೆ, ಹೊಸ ತಗಡು ಕೊಳ್ಳುವಾಗ ತುಕ್ಕು ಇದೆಯೇ ಎಂದು ನೋಡುತ್ತಾಳಲ್ಲ, ಹಾಗೆ. ಅಂಗಡಿ ಉಳಿಯುವುದೋ ಮೊಬೈಲ್ ಕವರ್ ಬರುವುದೋ ಅವಳ ಒಂದು ಅಂಕಿಯಲ್ಲಿತ್ತು. ಸೊನ್ನೆ ಎಂದರೂ ನಾನು ತುಟಿ ಪಿಟಕ್ ಎನ್ನುವ ಹಾಗಿರಲಿಲ್ಲ. ಅವಳಿಗೆ ಸೊನ್ನೆ ಹಾಕಲು ಅವತ್ತು ನನಗೆ ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಕಾಗಿರಲಿಲ್ಲ.

"ಕೆಲಸ ಬರುತ್ತಾ ಇವರಿಗೆ?" ಎಂದು ಕೇಳಿದಳು. ಫ್ಲೆಕ್ಸ್ ತಮ್ಮನಿಗೆ ಕೇಳಿದಳೋ ನನಗೋ.

ನಾನೇ ಹೇಳಿದೆ. "ಅಕ್ಷರ ಬರುತ್ತೆ. ಬ್ರಷ್ ತೊಳೆಯೋದು ಈಚೆಗೆ ಕಲ್ತಿದೀನಿ. ಗೆರೆ ಹೊಡೆಯೋಕೆ ಬರಲ್ಲ." ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಬಾಯಿ ನಿಲ್ಲಲಿಲ್ಲ. "ಕೆಂಪು, ಹಸಿರು ಗೊತ್ತಾಗಲ್ಲ. ಯಾವತ್ತೂ ಗೊತ್ತಾಗಿಲ್ಲ. ಅವಳು ಎತ್ತಿ ಕೊಟ್ಟಿದ್ದನ್ನ ಬರೀತಿದ್ದೆ."

ಫ್ಲೆಕ್ಸ್ ತಮ್ಮ ಬಾಯಿ ತೆರೆದುಕೊಂಡು ಕೂತ. ಅವಳು ಮುಖ ಆಚೆ ತಿರುಗಿಸಿದಳು, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಒಂದು ಅಂತ ಹಾಕಪ್ಪಾ."

ಜುಲೈ 2, ಗುರುವಾರ

ನಮ್ಮ ಅಂಗಡಿಗೆ ಬೋರ್ಡ್ ಬರೆದೆವು. ನಾನು ಯಾರಿಗೆ ಗೊತ್ತಿಲ್ಲ ಎಂದು ಇಷ್ಟು ವರ್ಷ ಬೋರ್ಡೇ ಹಾಕಿರಲಿಲ್ಲ. ಊರಿನವರ ಹೆಂಡತಿಯರ, ಮಕ್ಕಳ, ಅಜ್ಜಿಯರ ಹೆಸರನ್ನೆಲ್ಲ ಅಡಿ ಎತ್ತರದ ಅಕ್ಷರದಲ್ಲಿ ಬರೆದಿದ್ದೇನೆ. ಇವಳ ಹೆಸರನ್ನು ಬರೆದದ್ದು ಇದೇ ಮೊದಲು. ಚೆಂದದ ಹೆಸರು. ಅಕ್ಷರಗಳ ನಡುವೆ ಜಾಗ ತಾನಾಗಿ ಕೂರುತ್ತದೆ.

ನೋಡಲು ಪೈಲ್ವಾನ್, ತರಕಾರಿ ಅಕ್ಕ, ಇಸ್ತ್ರಿ ಅಜ್ಜ ಎಲ್ಲ ನಿಂತಿದ್ದರು. ಏಣಿಯ ಮೇಲಿಂದ ನನ್ನ ದೊಡ್ಡ ಗಂಟಲಿನಲ್ಲೇ ಕೇಳಿದೆ: "ಇದು ಕೆಂಪಾ, ಹಸಿರಾ?"

"ಕೆಂಪು" ಎಂದಳು ಕೆಳಗಿನಿಂದ.

ಪೈಲ್ವಾನ್‌ಗೆ ಒಂದು ನಿಮಿಷ ಬೇಕಾಯಿತು. "ಓಹೋ! ಹಾಗಾದ್ರೆ ಅವತ್ತು ನನ್ನ ಸೊಪ್ಪಿನ ಅಂಗಡಿ..." ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಎಲ್ಲರೂ ನಕ್ಕರು. ಆಕಾಶವೇನೂ ಕಳಚಿ ಬೀಳಲಿಲ್ಲ. ಯಾರೂ ಬೋರ್ಡ್ ವಾಪಸ್ ಕೊಡಲಿಲ್ಲ, ಇಸ್ತ್ರಿ ಅಜ್ಜನಂತೂ ಹೊಸದೊಂದನ್ನು ಹೇಳಿ ಹೋದರು.

ಜುಲೈ 9, ಗುರುವಾರ

ಅಧಿಕಾರಿ ಬಂದಿದ್ದರು. ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕು, ಕೈಯಲ್ಲಿ ಪಟ್ಟಿ. ಬೋರ್ಡ್ ಓದಿ, ಒರೆಸಿದ ಲೈಸೆನ್ಸ್ ಓದಿ, ನೇರ ನನ್ನ ಹತ್ತಿರ ಬಂದು, "ಮಾಲೀಕರು ನೀವಾ?" ಎಂದರು.

"ಅಲ್ಲ ಸರ್. ಅವರು" ಎಂದು ತೋರಿಸಿದೆ. ಅವಳು ಗೆರೆ ಹೊಡೆಯುತ್ತಿದ್ದಳು, ದಾರದ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು.

"ಮತ್ತೆ ನೀವು?"

"ಕೆಲಸದವನು."

"ಎಷ್ಟು ವರ್ಷದಿಂದ?"

"ಇಪ್ಪತ್ತೆರಡು."

"ಮಾಲೀಕರು ಚೆನ್ನಾಗಿ ನೋಡ್ಕೋತಾರಾ?"

ಅದು ಅವರ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ನನ್ನ ಮುಖ ನೋಡಿ ಕೇಳಿದರು ಎಂದು ಕಾಣುತ್ತದೆ. "ಸುಮ್ನೆ ಬಂದು ಕೂತಿರ್ತೀನಿ ಸರ್, ಆದ್ರೂ ಊಟ ಹಾಕ್ತಾರೆ" ಎಂದೆ. ದಾರದ ಆ ತುದಿಯಿಂದ ಅವಳು ಪಟ್ಟೆಂದು ಗೆರೆ ಹೊಡೆದಳು, ಸೀಮೆಸುಣ್ಣದ ಪುಡಿಯೆಲ್ಲ ನನ್ನ ಅಂಗಿಯ ಮೇಲೆ.

ಜುಲೈ 14, ಮಂಗಳವಾರ

ಫ್ಲೆಕ್ಸ್ ತಮ್ಮನ ಬೋರ್ಡ್ ಹಾಕಿದೆವು. ದುಡ್ಡು ಕೊಡಲು ಬಂದ. "ಅರ್ಜಿ ತುಂಬಿದ್ದಕ್ಕೆ ನೀನು ತಗೊಂಡ್ಯಾ?" ಎಂದು ಬೈದು ಕಳುಹಿಸಿದೆ. ಅವನ ಚಿಕ್ಕ ಮಗಳಿಗೆ ಬ್ರಷ್ ಹಿಡಿಯುವುದು ಬಹಳ ಇಷ್ಟವಂತೆ. ನಾಳೆ ಕಳುಹಿಸು ಎಂದಿದ್ದೇನೆ.

ಜುಲೈ 28, ಮಂಗಳವಾರ

ಎಷ್ಟೋ ದಿನದಿಂದ ಬರೆದಿಲ್ಲ. ಪುರುಸೊತ್ತಿಲ್ಲ, ಈ ಪುಸ್ತಕದ ಹಾಳೆಗಳೆಲ್ಲ ಮತ್ತೆ ಆರ್ಡರ್ ಬರೆದುಕೊಳ್ಳಲು ಬೇಕಾಗಿವೆ.

ಪರಿಹಾರ ಬಂತು, ಅವಳ ಖಾತೆಗೆ. ಅವಳು ಫೋನ್ ಹಿಡಿದು ಎರಡು ಸಲ ಓದಿ, ಸ್ಟೂಲಿನ ಮೇಲೆ ಕೂತು ಅತ್ತಳು. ನಾನೂ ಅತ್ತೆ. ಅಂಗಡಿ ಉಳಿಯಿತು.

ಮಧ್ಯಾಹ್ನ ಕಟ್ಟಡದ ಓನರ್ ಬಂದರು, ಹಿಂದೆ ಕೈಯಲ್ಲಿ ಅಳತೆ ಟೇಪ್ ಹಿಡಿದ ಒಬ್ಬ ಮನುಷ್ಯ. ಮೊಬೈಲ್ ಕವರಿನವನೇ ಇರಬೇಕು.

"ಏನ್ ಯಜಮಾನ್ರೇ, ಬಾಡಿಗೆ ವಿಷಯ ಏನ್ ಮಾಡಿದ್ರಿ?"

ನಾನು ಬ್ರಷ್ ತೊಳೆಯುತ್ತಿದ್ದೆ. ಕೈ ಒರೆಸಿಕೊಂಡು ಮನೆಯ ಕಡೆ ತಿರುಗಿ ಕೂಗಿದೆ.

"ಮಾಲೀಕ್ರೇ, ಯಾರೋ ಬಂದಿದಾರೆ ನೋಡಿ!"